ಕೈಬರಹ ಪತ್ರಿಕೆ: ಚೆಂದ ಅಕ್ಷರ ಇರುವವರೇ ಬರೆಯಬೇಕಾ?

ಗಾಜಿಪುರದ ಅಕ್ಕೋರು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಭಾನುವಾರ ಬೆಳಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಹೊರಗೆ ಕನ್ನಡ ಶಾಲೆ ಅಂತ ಬೋರ್ಡು ಇದೆ, ಆದರೆ ಇರುವುದು ನಮ್ಮ ಮಾಳಿಗೆ ಮೇಲಿನ ಒಂದು ಪತ್ರಾಸ್ (ತಗಡಿನ) ಕೋಣೆ. ಏಪ್ರಿಲ್ ಬಂತೆಂದರೆ ಹತ್ತು ಗಂಟೆಯೊಳಗೇ ಶಾಲೆ ಬಿಡಬೇಕು, ಅಷ್ಟು ಕಾಯುತ್ತದೆ.

ಬರುವವರು ನಾಲ್ಕರಿಂದ ಏಳನೇ ಕ್ಲಾಸಿನ ಮಕ್ಕಳು. ಎಲ್ಲರೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ದಖನಿ, ಅಂದರೆ ಈ ಕಡೆಯ ಉರ್ದು ಮಾತಾಡುವವರೇ ಜಾಸ್ತಿ. ಲಂಬಾಣಿ ಮಕ್ಕಳಿದ್ದಾರೆ. ಆಳಂದ ಕಡೆಯ ಮರಾಠಿ ಮನೆಯವರು, ಸೇಡಂ ಕಡೆಯಿಂದ ಬಂದ ತೆಲುಗು ಮಾತಾಡುವ ಅಕ್ಕ-ತಂಗಿ ಕೂಡ ಇದ್ದಾರೆ. 2015ರ ಕನ್ನಡ ಕಲಿಕಾ ಕಾಯ್ದೆ ಬಂದ ಮೇಲೆ ಇಂಗ್ಲಿಷ್ ಶಾಲೆಗಳಲ್ಲೂ ಕನ್ನಡ ಇದೆ. ಹಾಗಾಗಿ ಓದಲು ಬರುತ್ತದೆ, ಪ್ರಶ್ನೆಗೆ ಉತ್ತರ ಬರೆಯಲೂ ಬರುತ್ತದೆ. ನೀನೇ ಏನಾದರೂ ಬರಿ ಅಂದರೆ ಮಾತ್ರ ಎಲ್ಲರೂ ಗಪ್‌ಚುಪ್.

ಬರೆದರೂ ಅದೇ. ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ. ಸೆಪ್ಟೆಂಬರ್ 17ರ ಹೈದರಾಬಾದ್ ವಿಮೋಚನೆ ದಿನ ಬಂದರೆ ನಿಜಾಮ, ರಜಾಕಾರರು, ಸರ್ದಾರ್ ಪಟೇಲ್, 1948. ಹತ್ತು ಮಕ್ಕಳ ಹಾಳೆ ತೆಗೆದರೂ ಒಂದೇ ಭಾಷಣ. ಆ ಕಾಲದ ಮಾತು ಕೇಳಿಸಿಕೊಂಡ ಮುತ್ಯಾ ಒಬ್ಬನಾದರೂ ಇವರ ಮನೆಗಳಲ್ಲಿ ಇರಬೇಕಲ್ವಾ?

ಒಂದು ಉದಾಹರಣೆ ಹೇಳುತ್ತೇನೆ. ಆರನೇ ಕ್ಲಾಸಿನ ಹುಡುಗ, ಅಪ್ಪ ಆಟೋ ಓಡಿಸುತ್ತಾನೆ. ಹಾಳೆಯಲ್ಲಿ ಬರೆದದ್ದು ಹೀಗೆ: “ನನ್ನ ತಂದೆಯವರು ಆಟೋ ಚಾಲಕರು. ಅವರು ಕಷ್ಟಪಟ್ಟು ದುಡಿಯುತ್ತಾರೆ.” ಅಪ್ಪನ ಬಗ್ಗೆ ಸುಮ್ನೆ ಮಾತಾಡು ಅಂದಾಗ ಹೇಳಿದ್ದು ಹೀಗೆ: “ಉದ್ಯಾನ್ ಎಕ್ಸ್‌ಪ್ರೆಸ್ ಬರೋ ಟೈಮಿಗೆ ಸ್ಟೇಷನ್ನಿಗೆ ಹೋಗ್ತಾನ್ರಿ. ಗಾಡಿ ಲೇಟ್ ಆದ್ರ ಹಿಂದಿನ ಸೀಟಿನ್ಯಾಗೇ ಮಲಗ್ತಾನ. ಕಾಲು ಹೊರಗ ಬರ್ತಾವ. ನಾಯಿ ಬಂದು ಮೂಸ್ತದ.” ಇದನ್ನೇ ಬರಿ ಮಾರಾಯಾ ಅಂದರೆ, “ಇದು ಬರಿಯೋದಲ್ರಿ ಟೀಚರ್, ಇದು ಮಾತು” ಅಂದ.

ನವೆಂಬರ್ 1ಕ್ಕೆ ಒಂದು ಕೈಬರಹ ಪತ್ರಿಕೆ ತರಬೇಕೆಂದಿದ್ದೇನೆ. ಹೋದ ವರ್ಷವೂ ತಂದಿದ್ದೆವು. ದುಂಡಗೆ ಬರೆಯುವ ಒಬ್ಬ ಹುಡುಗಿಯೇ ಎಲ್ಲ ನಕಲು ಮಾಡಿದಳು. ಅವಳ ಕೈ ನೋವು ಬೇರೆ. ಪತ್ರಿಕೆ ಮದುವೆ ಕಾರ್ಡಿನಷ್ಟು ನೀಟಾಗಿತ್ತು. ಉಳಿದ ಮಕ್ಕಳು ಅದನ್ನು ತಿರುಗಿಸಿಯೂ ನೋಡಲಿಲ್ಲ. ಇನ್ನು ಕೆಲವು ತಾಯಂದಿರು ಫೋನಿನಲ್ಲಿ ಕೇಳಿ ಬರೆಸಿ ಕಳಿಸಿದ್ದರು. “ನಿಸರ್ಗದ ಮಡಿಲಲ್ಲಿ ಹಕ್ಕಿಗಳ ಕಲರವ” ಅಂತ ಇತ್ತು. ಓದು ಅಂದರೆ ಹುಡುಗನ ನಾಲಿಗೆ ತಿರುಗಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಯಾವ ತರಹದ ಬರವಣಿಗೆ ಕೊಟ್ಟರೆ ಮಕ್ಕಳು ತಮ್ಮದೇ ಮಾತು ಬರೆಯುತ್ತಾರೆ? “ಮಲಗ್ತಾನ” ಅಂತ ಬರೆದರೆ ತಿದ್ದಬೇಕಾ, ಬಿಡಬೇಕಾ? ಮತ್ತೆ, ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ಅವರವರ ಕೈಯಲ್ಲೇ ಬರೆಸಬಹುದಾ?

ಔರಾದ್ ಮಾಸ್ತರ್, ಬೀದರ್ ಜಿಲ್ಲೆ

ಶರಣು ಅಕ್ಕೋರೇ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯವನು. ನಮ್ಮ ತಾಲ್ಲೂಕಿನಲ್ಲಿ ಮಕ್ಕಳು ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಕನ್ನಡ. ನಿಮ್ಮ ಪಾಡು ನನಗೆ ಚೆನ್ನಾಗಿ ಗೊತ್ತು.

ಮೊದಲು ಒಗಟು ಬರೆಸಿ. ಹಳೆಯ ಒಗಟು ಬೇಡ, ಹೊಸದು ಕಟ್ಟಿಸಿ. ಒಂದು ವಸ್ತು ನೋಡಬೇಕು, ಅದರ ಹೆಸರು ಹೇಳಬಾರದು, ಮೂರೋ ನಾಲ್ಕೋ ಸಾಲು ಬರೆಯಬೇಕು. ಪುಸ್ತಕದಲ್ಲಿ ಇಲ್ಲದ ಕಾರಣ ನಕಲು ಮಾಡಲು ಆಗುವುದಿಲ್ಲ. ಬೇರೆ ಮಕ್ಕಳು ಉತ್ತರ ಹುಡುಕುವಾಗ ಬರೆದವನಿಗೆ ಒಂದು ಗತ್ತು ಬರುತ್ತದೆ. ನಮ್ಮ ಐದನೇ ಕ್ಲಾಸಿನ ಹುಡುಗಿ ಬರೆದದ್ದು:

ಹೂವಾಗ ಹಳದಿ, ಕಾಯಾಗ ಹಸಿರು,
ಒಳಗ ಕೆಂಪು,
ಗಿರಣಿಗೆ ಹೋಗಿ ಬಂದ್ರ ಮತ್ತ ಹಳದಿ.

ತೊಗರಿ. ನಿಮ್ಮ ಕಲಬುರಗಿಯವರು ಇದನ್ನು ಹೇಳಬೇಕಿತ್ತು, ನಮ್ಮವಳು ಹೇಳಿಬಿಟ್ಟಳು! ಇನ್ನೊಬ್ಬ ಕೂಲರ್ ಬಗ್ಗೆ ಬರೆದ: “ನೀರು ಕುಡೀತದ, ಗಾಳಿ ಬಿಡ್ತದ, ಕರೆಂಟ್ ಹೋದ್ರ ಸತ್ತಂಗ ಬೀಳ್ತದ.”

ಇನ್ನೊಂದು, ಇದೇ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು. “ನಿಮ್ಮ ಮನೆಯಲ್ಲಿ ಮಾಡುವ ಒಂದು ಕೆಲಸ ನನಗೆ ಹೇಳಿಕೊಡು” ಅಂತ ಬರೆಸಿ. ನಾನು ಮೊದಲು ಬೀದರ್ ಊರೊಳಗಿನ ಶಾಲೆಯಲ್ಲಿದ್ದೆ. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತಲ್ಲ, ಆಗ ಇಡೀ ಕ್ಲಾಸಿಗೆ ಬಿದ್ರಿ ಪ್ರಬಂಧ ಬರೆಸಿದೆವು. ಎಲ್ಲರದೂ “ಬಿದ್ರಿ ಕಲೆ ನಮ್ಮ ಹೆಮ್ಮೆ” ಅಂತಲೇ ಶುರು. ಒಬ್ಬ ಹುಡುಗ ಮಾತ್ರ ಬೇರೆ. ಅವನ ಚಾಚಾ ಆ ಕೆಲಸ ಮಾಡುತ್ತಾನೆ. ಸತು ಮತ್ತು ತಾಮ್ರ ಸೇರಿಸಿ ಎರಕ ಹೊಯ್ಯುವುದು, ಉಳಿಯಿಂದ ಗೀರಿ ಬೆಳ್ಳಿ ತಂತಿ ಕೂರಿಸುವುದು, ಕಡೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ ಅದರಿಂದ ಪಾತ್ರೆ ಕಪ್ಪಾಗಿಸುವುದು, ಎಲ್ಲ ಬರೆದಿದ್ದ. “ಎಲ್ಲಾ ಕರ್ರಗ ಆಗ್ತದ, ಬೆಳ್ಳಿ ಆಗಲ್ಲ. ಚಾಚಾ ಮಣ್ಣು ನಾಲಿಗಿ ಮ್ಯಾಲ ಇಟ್ಟು ನೋಡ್ತಾನ.” ಈ ಕಡೆಯ ಸಾಲು ಆ ಮನೆಯ ಹುಡುಗನಿಗಷ್ಟೇ ಹೊಳೆಯುತ್ತದೆ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲೂ ಇದೇ ದಾರಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ ಕಲಿಯುತ್ತದೆ. ಆದರೆ ಅದು ಚಿಕ್ಕ ಕ್ಲಾಸುಗಳಿಗಷ್ಟೇ. ನಾಲ್ಕನೆಯದಕ್ಕೆ ಬಂದ ಕೂಡಲೇ ಮತ್ತೆ ಪ್ರಶ್ನೋತ್ತರ ಶುರು, ಮಕ್ಕಳ ಬಾಯಿ ಬಂದ್.

ಬಂಡಾರಿ ಲೆಕ್ಕ, ಕಲಬುರಗಿ

ನಾನು ತಂದೆಯಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಗಟು, ಆಟೋ, ನಾಯಿ, ಎಲ್ಲ ಚಲೋ. ಆದರೆ ನನ್ನ ಮಗಳು ‘ಬೆಳೆ’ ಬರೆಯುವ ಕಡೆ ‘ಬೆಲೆ’ ಬರೆಯುತ್ತಾಳೆ. ‘ಕೊಡು’ ಹೋಗಿ ‘ಕೋಡು’ ಆಗುತ್ತದೆ. ಒತ್ತಕ್ಷರ ಕೇಳಲೇಬೇಡಿ. ಇದನ್ನು ಯಾರೂ ತಿದ್ದದೆ, ಮಗು ಅರಳಲಿ ಅಂತ ಬಿಟ್ಟರೆ ಹತ್ತನೇ ಕ್ಲಾಸಿನಲ್ಲಿ ಪತ್ರಲೇಖನ, ಪ್ರಬಂಧ ಬರೆಯುವಾಗ ಅಂಕ ಹೋಗುವುದು ಅವಳದು. ನಮ್ಮ ಹುಡುಗರು ಬೆಂಗಳೂರಿಗೆ ಹೋದರೆ ಮೊದಲೇ “ನಿಮ್ಮ ಕನ್ನಡ ಒಂಥರಾ” ಅಂತ ನಗುತ್ತಾರೆ. ಅದನ್ನೇ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕಾ?

ಔರಾದ್ ಮಾಸ್ತರ್, ಬೀದರ್ ಜಿಲ್ಲೆ

ಸರ್, ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಈ ತಪ್ಪುಗಳಿಗೆ ಕಾರಣ ಸೋಮಾರಿತನ ಅಲ್ಲ. ಉರ್ದುವಿನಲ್ಲಿ ‘ಳ’, ‘ಣ’ ಇಲ್ಲ. ಎ-ಏ, ಒ-ಓ ಅಂತ ಗಿಡ್ಡ-ಉದ್ದ ಬೇರೆ ಮಾಡುವುದು ಉರ್ದುವಿನಲ್ಲೂ ಇಲ್ಲ, ಮರಾಠಿಯಲ್ಲೂ ಇಲ್ಲ. ಕಿವಿಗೇ ಬೀಳದ ವ್ಯತ್ಯಾಸ ಕೈಗೆ ಹೇಗೆ ಬರಬೇಕು? ಕೆಂಪು ಶಾಯಿ ಎಷ್ಟು ಹಾಕಿದರೂ ಕಿವಿ ತೆರೆಯುವುದಿಲ್ಲ. ಜೋರಾಗಿ ಓದಿಸಬೇಕು.

ನಾನು ವಾರಕ್ಕೆ ಒಂದೇ ತಪ್ಪು ಹಿಡಿಯುತ್ತೇನೆ, ಅದೂ ಬೋರ್ಡಿನ ಮೇಲೆ. ಈ ವಾರ ಲ-ಳ ಅಂದರೆ ಬರೀ ಲ-ಳ. ಯಾರ ಹಾಳೆಯಿಂದ ಬಂತು ಅಂತ ಹೇಳುವುದಿಲ್ಲ. ಆಮೇಲೆ ಮಕ್ಕಳೇ ತಮ್ಮ ಹಾಳೆ ತೆಗೆದು ತಿದ್ದಿಕೊಳ್ಳುತ್ತಾರೆ. ಹಾಳೆಯ ಮೇಲೆ ನನ್ನ ಪೆನ್ನು ಓಡುವುದಿಲ್ಲ.

ಊರಿನ ಮಾತಿಗೆ ನನ್ನ ಪದ್ಧತಿ: ಯಾರಾದರೂ ಮಾತಾಡುವ ಸಾಲು ಇದ್ದರೆ ಅವರು ಆಡಿದ ಹಾಗೇ ಇರಲಿ, ಉಳಿದದ್ದು ಪುಸ್ತಕದ ಕನ್ನಡ.

ಸುರಪುರ ರಂಗ, ಯಾದಗಿರಿ ಜಿಲ್ಲೆ

ಮಾಸ್ತರ ಆ ಕಡೆಯ ಮಾತಿಗೆ ನಾನು ಒಪ್ಪಲ್ಲರಿ. ಎರಡು ಕನ್ನಡ ಒಂದೇ ಹಾಳೆಯಲ್ಲಿ ಬೇಲಿ ಹಾಕಿ ಕೂರಿಸಿದರೆ ಮಗು ಬೇಲಿ ನೋಡಿಕೊಂಡೇ ಕುಳಿತುಬಿಡುತ್ತದೆ. ಮೊದಲ ಸಲ ಎಲ್ಲ ತನ್ನ ಮಾತಿನಲ್ಲೇ ಬರಲಿ. ತಿದ್ದುವುದು ಎರಡನೇ ಸಲದ ಕೆಲಸ.

ನಾನು ಬೇಸಿಗೆಯಲ್ಲಿ ಮಕ್ಕಳ ನಾಟಕ ಶಿಬಿರ ಮಾಡಿಸುತ್ತೇನೆ, ರಂಗಾಯಣ ನಾಟಕ ಸಂಸ್ಥೆಯವರ ಮಕ್ಕಳ ಶಿಬಿರ ‘ಚಿಣ್ಣರ ಮೇಳ’ ನೋಡಿ ಕಲಿತದ್ದು. ಅಲ್ಲಿ ಬರೆಯಿರಿ ಅಂತ ಹೇಳುವುದೇ ಇಲ್ಲ. ಆಡಿ ತೋರಿಸಿ ಅನ್ನುತ್ತೇವೆ. ಬಸ್‌ಸ್ಟ್ಯಾಂಡು, ಕಂಡಕ್ಟರ್, ಕೋಳಿ ಬುಟ್ಟಿ ಹಿಡಿದ ಆಯಿ, ಚಿಲ್ಲರೆ ಜಗಳ. ಇಬ್ಬರು ಆಡುವಾಗ ಮೂರನೆಯವನು ಮೂಲೆಯಲ್ಲಿ ಕುಳಿತು ಅವರ ಮಾತು ಬರೆದುಕೊಳ್ಳಬೇಕು. ಬರೆಯುವವನಿಗೆ ಯೋಚನೆ ಮಾಡಲು ಪುರುಸೊತ್ತೇ ಇರುವುದಿಲ್ಲ, ಕೇಳಿದ್ದು ಕೈಗಿಳಿಯುತ್ತದೆ. ಅಕ್ಕೋರೇ, ನಿಮ್ಮ ಆಟೋ ಹುಡುಗನಿಗೆ ಇದನ್ನು ಮಾಡಿಸಿ. ಅವನು ಹೇಳಲಿ, ಪಕ್ಕದವನು ಬರೆಯಲಿ. ಆಮೇಲೆ ಹಾಳೆ ಅವನ ಕೈಗೆ ಕೊಡಿ. ಮಾತು ಅನ್ನುವುದೇ ಬರಹ ಆಗಿ ಕುಳಿತದ್ದನ್ನು ಅವನು ಕಣ್ಣಾರೆ ನೋಡಲಿ.

ಇನ್ನೊಂದು. ಒಮ್ಮೆ ಮಕ್ಕಳನ್ನು ಸನ್ನತಿ ಕಡೆ ಕರೆದುಕೊಂಡು ಹೋಗಿದ್ದೆವು. ಅಲ್ಲೇ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಶಿಲ್ಪ ಸಿಕ್ಕಿದೆಯಲ್ಲ, ಬ್ರಾಹ್ಮಿಯಲ್ಲಿ ಹೆಸರನ್ನೂ ಕೆತ್ತಿದ್ದಾರೆ. ಅದರಲ್ಲಿ ರಾಜ-ರಾಣಿಯ ಜೊತೆ ಕೊಡೆ, ಚಾಮರ ಹಿಡಿದ ಹೆಂಗಸರಿದ್ದಾರೆ. ಅಶೋಕನ ಬಗ್ಗೆ ಬರೆಯಿರಿ ಅಂದಿದ್ದರೆ ಕಳಿಂಗ ಯುದ್ಧ ಬರುತ್ತಿತ್ತು, ಗ್ಯಾರಂಟಿ. ನಾವು ಕೇಳಿದ್ದು, ಆ ಕೊಡೆ ಹಿಡಿದಾಕೆ ಮನೆಗೆ ಹೋಗಿ ಏನು ಹೇಳುತ್ತಾಳೆ ಅಂತ. “ಇವತ್ತೂ ರಾಜಾ ನನ್ನ ಕಡೆ ನೋಡ್ಲಿಲ್ಲ, ಕೈ ಮಾತ್ರ ಸೇದ್ತದ” ಅಂತ ಒಬ್ಬಳು ಬರೆದಳು. ಅವಳ ಅವ್ವ ಹತ್ತಿ ಬಿಡಿಸಲು ಹೋಗುವಾಕೆ.

ಬಂಡಾರಿ ಸರ್, ಬೆಂಗಳೂರಿನವರು ನಗುವುದಕ್ಕೆ ನಮ್ಮ ಮಕ್ಕಳು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಕನ್ನಡದಲ್ಲಿ ಉಳಿದಿರುವ ಅತಿ ಹಳೆಯ ಗ್ರಂಥ ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿ ನಿಮ್ಮ ಸೇಡಂ ತಾಲ್ಲೂಕಿನ ಮಳಖೇಡ. ನಗುವವರಿಗೆ ಇಷ್ಟು ಹೇಳಿ ಚಹಾ ಕುಡಿಸಿ ಕಳಿಸಿ.

ಸ್ಟೇಷನ್ ರೋಡ್ ಝರಾಕ್ಸ್, ಯಾದಗಿರಿ

ಸಾಹಿತ್ಯದ ಮಾತು ನನಗೆ ಬರಲ್ಲ. ಅಕ್ಷರ ಯಾರದು ಅನ್ನುವ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇದೆ. ಒಂದೇ ದೊಡ್ಡ ಪತ್ರಿಕೆ ಯಾಕೆ ಬೇಕು? ಮಗುವಿಗೊಂದು ಪುಸ್ತಕ ಮಾಡಿ. ಒಂದು ಎ4 ಹಾಳೆ ಸಾಕು.

ಹಾಳೆಯನ್ನು ಮೂರು ಸಲ ಅರ್ಧ ಅರ್ಧ ಮಡಚಿ ಬಿಡಿಸಿ, ಎಂಟು ಮನೆ ಕಾಣುತ್ತವೆ. ಈಗ ಗಿಡ್ಡ ಅಂಚುಗಳು ಕೂಡುವ ಹಾಗೆ ಒಮ್ಮೆ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಬಿಡಿಸಿದರೆ ಹಾಳೆಯ ನಡುವೆ ಒಂದು ಸೀಳು ಇರುತ್ತದೆ. ಉದ್ದಕ್ಕೆ ಮಡಚಿ ಎರಡೂ ತುದಿ ಹಿಡಿದು ಒಳಗೆ ನೂಕಿ. ಸೀಳು ಬಾಯಿ ಬಿಟ್ಟು ಎಂಟು ಪುಟದ ಪುಸ್ತಕ ಆಗುತ್ತದೆ. ಪಿನ್ನೂ ಬೇಡ, ಗೋಂದೂ ಬೇಡ.

ಮಗು ಪುಸ್ತಕ ಮಡಚಿದ ಮೇಲೇ ಬರೆಯಲಿ, ಆಮೇಲೆ ಬಿಡಿಸಿ ನನ್ನಂಥವರ ಹತ್ತಿರ ತನ್ನಿ. ಬರೆದದ್ದೆಲ್ಲ ಹಾಳೆಯ ಒಂದೇ ಬದಿಗೆ ಇರುತ್ತದೆ. ಒಂದು ಬದಿ ಝರಾಕ್ಸ್ ಹೊಡೆದರೆ ಎಷ್ಟು ಬೇಕೋ ಅಷ್ಟು ಪ್ರತಿ. ಪೆನ್ಸಿಲ್ ಬೇಡ, ನೀಲಿ ಪೆನ್ನೂ ತೆಳು ಬೀಳುತ್ತದೆ, ಕಪ್ಪು ಪೆನ್ನಿನಲ್ಲಿ ಬರೆಸಿ. ಅಂಚಿನಿಂದ ಒಂದು ಬೆರಳು ಜಾಗ ಬಿಡಿಸಿ, ಇಲ್ಲವಾದರೆ ಮಷಿನ್ ಸಾಲಿನ ತುದಿ ತಿನ್ನುತ್ತದೆ.

ಗಾಜಿಪುರದ ಅಕ್ಕೋರು, ಕಲಬುರಗಿ

ಝರಾಕ್ಸ್ ಅಣ್ಣಾ, ನಿಮ್ಮ ಮಾತು ಓದುತ್ತಲೇ ಮಡಚಿ ನೋಡಿದೆ. ಆಯಿತು! ನಮ್ಮ ದುಂಡಕ್ಷರದ ಹುಡುಗಿಗೂ ಈ ಸಲ ತನ್ನದೇ ಕಥೆ ಬರೆಯಲು ಬಿಡುವು ಸಿಗುತ್ತದೆ. ಎಂಟು ಸಣ್ಣ ಪುಟ ಅಂದರೆ ಪುಟಕ್ಕೆ ಎರಡೇ ಸಾಲು. “ಕಷ್ಟಪಟ್ಟು ದುಡಿಯುತ್ತಾರೆ” ಅಂತ ತುಂಬಿಸಲು ಜಾಗವೇ ಇಲ್ಲ.

ಬಂಡಾರಿ ಸರ್, ನೀವು ಕೇಳಿದ್ದನ್ನು ನಾನು ತಳ್ಳಿಹಾಕಲ್ಲ. ಬರುವ ಭಾನುವಾರದಿಂದ ಮಾಸ್ತರ ಹೇಳಿದಂತೆ ಬೋರ್ಡಿನ ಮೇಲೆ ಲ-ಳ ಶುರು. ಆದರೆ ಪುಸ್ತಕದಲ್ಲಿ ‘ಮಲಗ್ತಾನ’ ಹಾಗೇ ಇರುತ್ತದೆ, ಇದರಲ್ಲಿ ನಾನು ಸುರಪುರದವರ ಕಡೆ. ‘ಬೆಲೆ’ ಮಾತ್ರ ‘ಬೆಳೆ’ ಆಗುತ್ತದೆ. ‘ಬೆಲೆ’ ತಪ್ಪು, ‘ಮಲಗ್ತಾನ’ ತಪ್ಪಲ್ಲ.

ಮಾಸ್ತರೇ, ಬಿದ್ರಿ ಅಂಥ ಹೆಸರಾದ ಕೆಲಸ ನಮ್ಮ ಮಕ್ಕಳ ಮನೆಗಳಲ್ಲಿ ಇಲ್ಲ. ದಾಲ್ ಮಿಲ್ಲಿನಲ್ಲಿ ಚೀಲ ಹೊರುವವರು, ರೊಟ್ಟಿ ಬಡಿದು ಖಾನಾವಳಿಗೆ ಕೊಡುವವರು, ಪಂಕ್ಚರ್ ಹಾಕುವವರು. ಪಂಕ್ಚರ್ ಹಾಕುವುದನ್ನು ಎಂಟು ಪುಟದಲ್ಲಿ ಹೇಳಿಕೊಡು ಅಂತ ಒಬ್ಬನಿಗೆ ಹೇಳಿದ್ದೇನೆ. “ಟ್ಯೂಬು ನೀರಾಗ ಹಾಕೋದು ನಾಕನೇ ಪುಟಕ್ಕ ಬರ್ಬೇಕೋ ಐದಕ್ಕೋ” ಅಂತ ಅವನು ನಿನ್ನೆ ಸಂಜೆ ಮನೆ ಬಾಗಿಲಿಗೇ ಬಂದು ಕೇಳಿದ.

ಇನ್ನೊಂದು ಕೇಳುವುದಿದೆ. ದಖನಿ ಮನೆಯ ಮಕ್ಕಳು ನಾನಿ ಹೇಳಿದ ಕಥೆ ಕನ್ನಡದಲ್ಲಿ ಬರೆದರೆ, ನಾನಿಗೆ ಅದನ್ನು ಓದಲು ಬರುವುದಿಲ್ಲ. ಅರ್ಧ ಪುಟ ಉರ್ದು ಲಿಪಿಯಲ್ಲೂ ಬರೆಸಬಹುದಾ? ಅದು ಬಲದಿಂದ ಎಡಕ್ಕೆ ಹೋಗುತ್ತದೆ, ಪುಸ್ತಕ ಯಾವ ಕಡೆಯಿಂದ ತೆರೆಯಬೇಕು?

ಸ್ಟೇಷನ್ ರೋಡ್ ಝರಾಕ್ಸ್, ಯಾದಗಿರಿ

ಎರಡೂ ಕಡೆಯಿಂದ ತೆರೆಯಲಿ ಅಕ್ಕಾ. ಮುಂದಿನಿಂದ ನಾಲ್ಕು ಪುಟ ಕನ್ನಡ, ಹಿಂದಿನಿಂದ ನಾಲ್ಕು ಪುಟ ಉರ್ದು. ಎರಡು ಮುಖಪುಟ, ನಡುವೆ ಒಂದು ಚಿತ್ರ. ಇಲ್ಲಿ ಒಂದು ಮದುವೆ ಕಾರ್ಡು ಹೀಗೇ ಮಾಡಿಕೊಟ್ಟಿದ್ದೇನೆ, ಎರಡೂ ಮನೆಯವರು ಖುಷಿ. ಒಂದು ಖಾಲಿ ಹಾಳೆ ಮಡಚಿ ಪುಟಗಳಿಗೆ ಮೊದಲೇ ನಂಬರ್ ಹಾಕಿಕೊಳ್ಳಿ, ಇಲ್ಲವಾದರೆ ಗೊಂದಲ ಆಗುತ್ತದೆ. ಮತ್ತೆ ಅಕ್ಟೋಬರ್ ಕಡೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ರಾಜ್ಯೋತ್ಸವದ ಬ್ಯಾನರ್, ಪಾಂಪ್ಲೆಟ್ ಅಂತ ಎಲ್ಲ ಅಂಗಡಿಗಳಲ್ಲೂ ಸಾಲು ಇರುತ್ತದೆ.