ಬಾಡಿಗೆ ಒಂದೇ ಸಲ 500 ಡಾಲರ್ ಏರಿಸಿದ್ದಾರೆ, ಮನೆ ಬಿಡಬೇಕಾ?

ಪ್ರಶ್ನೆ (ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ):
ನಮಸ್ಕಾರ ಮೇಡಂ. ನಮ್ಮ ಮಗಳನ್ನು ನೋಡಿಕೊಳ್ಳುವವರು ಗ್ವಾಟೆಮಾಲಾದವರು. ಈಸ್ಟ್ ಸ್ಯಾನ್ ಹೋಸೆಯ ಹಳೇ ಅಪಾರ್ಟ್‌ಮೆಂಟಿನಲ್ಲಿ ಆರು ವರ್ಷದಿಂದ ಇದ್ದಾರೆ. ಗಂಡ ಹೆಂಡತಿಗೆ ಅಮೆರಿಕದಲ್ಲಿ ಇರಲು ಬೇಕಾದ ಪೇಪರ್ ಇಲ್ಲ, ಇಬ್ಬರು ಮಕ್ಕಳೂ ಇಲ್ಲೇ ಹುಟ್ಟಿದವರು. ಬಾಡಿಗೆ 2,000 ಡಾಲರ್ ಇತ್ತು, ಮುಂದಿನ ತಿಂಗಳಿಂದ 2,500 ಅಂತ ಬಾಗಿಲಿಗೆ ಕಾಗದ ಅಂಟಿಸಿದ್ದಾರೆ. ಎದುರು ಮಾತಾಡಿದರೆ ಇಮಿಗ್ರೇಷನ್‌ನವರನ್ನು ಕರೆಯುತ್ತಾರೆ ಅಂತ ಹೆದರಿದ್ದಾರೆ. ತಂಗಿ ಮನೆಗೆ ಹೋಗುತ್ತೇವೆ ಅನ್ನುತ್ತಾರೆ, ಅಲ್ಲಿ ಆಗಲೇ ಐದು ಜನ. ಏನು ಮಾಡಬಹುದು?

ಉತ್ತರ (ಬಾಡಿಗೆದಾರರ ಸಲಹೆಗಾರ್ತಿ, ಸ್ಯಾನ್ ಹೋಸೆ):
ಕಾಗದ ಬಂತು ಅಂತ ಮನೆ ಖಾಲಿ ಮಾಡುವುದು ಬೇಡ. ಇದನ್ನು ಇವತ್ತೇ ಹೇಳಿ. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ಬಿಟ್ಟು ಹೋದ ಮೇಲೆ ಬರುತ್ತಾರೆ. ಆಗ ಆ ಹಳೇ ಬಾಡಿಗೆ ಮತ್ತೆ ಸಿಗುವುದಿಲ್ಲ.

ಕಟ್ಟಡ ಯಾವ ವರ್ಷದ್ದು ಅಂತ ನೋಡಿ. ಸ್ಯಾನ್ ಹೋಸೆಯಲ್ಲಿ 1979ರ ಸೆಪ್ಟೆಂಬರ್ 7ಕ್ಕಿಂತ ಮುಂಚಿನದಾಗಿದ್ದು ಮೂರು ಅಥವಾ ಜಾಸ್ತಿ ಮನೆಗಳಿದ್ದರೆ ವರ್ಷಕ್ಕೆ 5% ಮಾತ್ರ ಏರಿಸಬಹುದು. ಅಂದರೆ 2,100 ಡಾಲರ್. ಅದಕ್ಕಿಂತ ಹೊಸದಾದರೂ, 15 ವರ್ಷ ದಾಟಿದ ಹೆಚ್ಚಿನ ಅಪಾರ್ಟ್‌ಮೆಂಟುಗಳಿಗೆ ರಾಜ್ಯದ 2019ರ ಕಾನೂನು ಇದೆ: 5% ಜೊತೆಗೆ ಬೆಲೆ ಏರಿಕೆಯ ಪ್ರಮಾಣ, ಒಟ್ಟು 10% ಮೀರುವಂತಿಲ್ಲ. ಎರಡರಲ್ಲೂ 2,500 ನಿಲ್ಲುವುದಿಲ್ಲ. ನಗರದ ಹೌಸಿಂಗ್ ಇಲಾಖೆಗೆ ಫೋನ್ ಮಾಡಿ ವಿಳಾಸ ಹೇಳಿ ಕೇಳಿ.

ಇಮಿಗ್ರೇಷನ್ ಭಯ ಸುಮ್ನೆ ಹುಟ್ಟಿದ್ದಲ್ಲ, ಗೊತ್ತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಲೀಕರು ಬಾಡಿಗೆದಾರರ ಪೇಪರ್ ಕೇಳುವಂತಿಲ್ಲ. ಇಮಿಗ್ರೇಷನ್‌ಗೆ ಹೇಳುತ್ತೇನೆ ಅಂತ ಹೆದರಿಸುವುದೂ 2018ರಿಂದ ಕಾನೂನಿಗೆ ವಿರುದ್ಧ.

ಬಾಡಿಗೆ ಕಟ್ಟುವುದನ್ನು ಮಾತ್ರ ನಿಲ್ಲಿಸಬಾರದು. ಬಾಡಿಗೆ ಕಟ್ಟಿದ ಮನಿ ಆರ್ಡರ್ ಚೀಟಿಗಳಿದ್ದರೆ ಒಂದೂ ಬಿಸಾಡಬೇಡಿ. ಮೊನ್ನೆ ಒಬ್ಬ ತಾಯಿ ಚಪ್ಪಲಿ ಡಬ್ಬಿ ತುಂಬಾ ನಾಲ್ಕು ವರ್ಷದ ಚೀಟಿ ತಂದಿದ್ದರು, ಬಣ್ಣ ಮಾಸಿ ಅಂಕಿ ಅರ್ಧ ಅಳಿಸಿತ್ತು. ಅದೇ ಅವರನ್ನು ಉಳಿಸಿತು. ಇವತ್ತೇ ಫೋಟೋ ತೆಗೆದಿಡಿ. ಮನೆ ಖಾಲಿ ಮಾಡಿಸಲು ಕೇಸ್ ಹಾಕಿ ಕೋರ್ಟಿನ ಕಾಗದ ಬಂದರೆ ಉತ್ತರ ಕೊಡಲು ಕೋರ್ಟಿನ 10 ಕೆಲಸದ ದಿನ ಮಾತ್ರ ಇರುತ್ತದೆ. ಸುಮ್ಮನಿದ್ದರೆ ಕೇಸ್ ಸೋತಂತೆ.

ಇನ್ನೊಂದು, 'ನೋಟಾರಿಯೊ' ಬೋರ್ಡ್ ನೋಡಿ ಒಳಗೆ ಹೋಗಬೇಡಿ ಅನ್ನಿ. ಅವರ ಊರಲ್ಲಿ ನೋಟಾರಿಯೊ ಅಂದರೆ ದೊಡ್ಡ ವಕೀಲರು, ಇಲ್ಲಿ ನೋಟರಿ ಬರೀ ಸಹಿಗೆ ಸಾಕ್ಷಿ ಹಾಕುವವರು. ನಮ್ಮೂರಲ್ಲೂ ನೋಟರಿ ಅಂದರೆ ವಕೀಲರೇ ಅಲ್ವಾ, ಹಾಗಾಗಿ ಅವರು ಮೋಸ ಹೋಗುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಬ್ಬರು (ಫ್ರೀಮಾಂಟ್‌ನಿಂದ):
ಸರ್ಕಾರದ ಮನೆಗೆ ಅರ್ಜಿ ಹಾಕಬಹುದಲ್ಲ ಮೇಡಂ? ಪೇಪರ್ ಇಲ್ಲದಿದ್ದರೆ ಆಗುವುದೇ ಇಲ್ವಾ?

ಉತ್ತರ:
ಎರಡು ಬಗೆ ಇದೆ ಸರ್. ಒಂದು ಸೆಕ್ಷನ್ 8 ವೋಚರ್, ಅಂದರೆ ಸರ್ಕಾರದ ಬಾಡಿಗೆ ಸಹಾಯ: ಬಾಡಿಗೆಗಿರುವ ಕುಟುಂಬದವರು ತಮ್ಮ ಆದಾಯದ ಸುಮಾರು 30% ಕಟ್ಟುತ್ತಾರೆ, ಉಳಿದದ್ದು ಸರ್ಕಾರದ್ದು. ಅದಕ್ಕೆ ಪೇಪರ್ ನೋಡುತ್ತಾರೆ. ಇಲ್ಲೇ ಹುಟ್ಟಿದ ಮಕ್ಕಳಿರುವ ಮನೆಗೆ, ಅರ್ಹರಾದವರ ಲೆಕ್ಕಕ್ಕೆ ತಕ್ಕಂತೆ ಸಹಾಯ ಕೊಡುವ ನಿಯಮ ಇದೆ. ಅದನ್ನು ತೆಗೆಯುವ ಪ್ರಯತ್ನ ಆಗುತ್ತಲೇ ಇರುವುದರಿಂದ, ಅರ್ಜಿಗೆ ಮುಂಚೆ ಉಚಿತ ಕಾನೂನು ನೆರವಿನ ವಕೀಲರನ್ನು ಕೇಳಲೇಬೇಕು.

ಇನ್ನೊಂದು 1986ರಿಂದ ಇರುವ ಟ್ಯಾಕ್ಸ್ ಕ್ರೆಡಿಟ್ ಮನೆಗಳು, ಅಂದರೆ ಕಟ್ಟುವವರು ತೆರಿಗೆ ರಿಯಾಯಿತಿ ಪಡೆದು ಕಡಿಮೆ ಆದಾಯದವರಿಗೆ ಬಾಡಿಗೆ ಕೊಡುವ ಮನೆಗಳು. ಫೆಡರಲ್ ಕಾನೂನು ಇವಕ್ಕೆ ಪೇಪರ್ ಕೇಳುವುದಿಲ್ಲ, ಆದಾಯ ನೋಡುತ್ತದೆ. ನನಗೆ ನೋವಾಗುವುದು ಇಲ್ಲಿ. ಬಾಡಿಗೆಯನ್ನು ಕೌಂಟಿಯ ಮಧ್ಯಮ ಆದಾಯದ ಮೇಲೆ ನಿಗದಿ ಮಾಡುತ್ತಾರೆ. ಸ್ಯಾನ್ ಹೋಸೆ ಇರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಆ ಆದಾಯ ಟೆಕ್ ಸಂಬಳದಿಂದ, ನಮ್ಮಂಥವರ ಸಂಬಳದಿಂದ, ಏರಿ ಕೂತಿದೆ. ಅದರ 60% ಆದಾಯದವರಿಗೆ ಅಂತ ಲೆಕ್ಕ ಹಾಕಿದ ಬಾಡಿಗೆಯೂ ಮನೆ ಕ್ಲೀನ್ ಮಾಡಿ ದುಡಿಯುವವರಿಗೆ ಭಾರವೇ. ಆ ಮಧ್ಯಮ ಆದಾಯದ 30% ಲೆಕ್ಕದ ಮನೆ ಹುಡುಕಿ, ಕಾಯುವವರ ಎಲ್ಲ ಪಟ್ಟಿಗೂ ಹೆಸರು ಕೊಡಿ.

ತಂಗಿ ಮನೆಗೆ ಹೋಗಲೇಬೇಕಾಗಿ ಬಂದರೆ ಶಾಲೆಗೆ ತಿಳಿಸಿ. ಹಾಗೆ ಇನ್ನೊಬ್ಬರ ಮನೆಯಲ್ಲಿ ಸೇರಿಕೊಂಡ ಮಕ್ಕಳೂ ಫೆಡರಲ್ ಕಾನೂನಿನಲ್ಲಿ ಮನೆ ಇಲ್ಲದವರೇ. ಹಳೇ ಶಾಲೆಯಲ್ಲೇ ಮುಂದುವರಿಯಬಹುದು, ಬಸ್ಸೂ ಕೇಳಬಹುದು.

ಮೊದಲು ಕೇಳಿದವರಿಗೆ ಒಂದು ಮಾತು. ಈ ಆಫೀಸುಗಳೆಲ್ಲ ಹಗಲು ಹೊತ್ತಲ್ಲಿ ತೆರೆದಿರುತ್ತವೆ, ಆಗ ಅವರು ನಿಮ್ಮ ಮನೆಯಲ್ಲಿರುತ್ತಾರೆ. ಸಂಬಳ ಹಿಡಿಯದೆ ಅರ್ಧ ದಿನ ರಜೆ ಕೊಡಿ.

ಕೇಳಿದವರು:
ಕಟ್ಟಡ 1964ರದ್ದಂತೆ ಮೇಡಂ! ಇಪ್ಪತ್ತು ಮನೆ ಇವೆ. ಮಂಗಳವಾರ ನಾನೇ ರಜೆ ಹಾಕಿ ಕರೆದುಕೊಂಡು ಹೋಗುತ್ತೇನೆ. ಪಕ್ಕದ ಮನೆಯವರಿಗೂ ಅದೇ ಕಾಗದ ಬಂದಿದೆ, ಅವರನ್ನೂ ಕರೆತರಲಾ?

ಉತ್ತರ:
ಖಂಡಿತ ಕರೆತನ್ನಿ. ಅವರ ಕಾಗದವೂ ಇರಲಿ.