ಅಪ್‌ಡೇಟ್: ಪ್ಯಾರಸಿಟಮಾಲ್ ಮಾತ್ರೆ ಈಗ ಸಮಯಕ್ಕೆ ಒಡೆಯುತ್ತಿದೆ

ಕೋಟಿಂಗ್ ಇಲ್ಲದ 500 ಮಿ.ಗ್ರಾಂ ಮಾತ್ರೆ 37 ಡಿಗ್ರಿ ನೀರಿನಲ್ಲಿ ಒಡೆಯಲು 22 ನಿಮಿಷ ತೆಗೆದುಕೊಳ್ಳುತ್ತಿದೆ (ಮಿತಿ 15), ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ (ನೀರು ಹೀರಿ ಉಬ್ಬಿ ಮಾತ್ರೆ ಒಡೆಸುವ ಪುಡಿ) ಇನ್ನಷ್ಟು ಹಾಕಲೇ ಎಂದು ಕೇಳಿದ್ದೆ. ಖಂಡಿತ ಬೇಡ. ಶೇ. 8 ದಾಟಿದರೆ ಅದು ಲೋಳೆಗಟ್ಟಿ ನೀರು ಒಳಗಿಳಿಯಲು ಬಿಡುವುದಿಲ್ಲ.

ಬದಲಿಗೆ ಮಾತ್ರೆ ಒಡೆಸುವ ಇನ್ನೊಂದು ಪುಡಿ, ಕ್ರಾಸ್‌ಕಾರ್ಮೆಲೋಸ್ ಸೋಡಿಯಂ, ಶೇ. 3 ಹಾಕಿದೆ. ಅದರಲ್ಲಿ ಅರ್ಧವನ್ನು ಔಷಧದ ಹಿಟ್ಟು ಒದ್ದೆ ಮಾಡುವ ಮುನ್ನ, ಇನ್ನರ್ಧವನ್ನು ಗ್ರ್ಯಾನ್ಯೂಲ್ (ಒದ್ದೆ ಹಿಟ್ಟಿನಿಂದಾದ ಸಣ್ಣ ಹರಳು) ಒಣಗಿದ ಮೇಲೆ. ಆಮೇಲೆ ಹಾಕಿದ, ಗ್ರ್ಯಾನ್ಯೂಲ್ ಹೊರಗಿನದು ಮಾತ್ರೆಯನ್ನು ಗ್ರ್ಯಾನ್ಯೂಲ್‌ಗಳಾಗಿ ಬಿಡಿಸುತ್ತದೆ, ಮೊದಲು ಹಾಕಿದ ಒಳಗಿನದು ಗ್ರ್ಯಾನ್ಯೂಲನ್ನೇ ಒಡೆಯುತ್ತದೆ.

ದೊಡ್ಡ ತೊಡಕು ಮಾತ್ರ ಮೆಗ್ನೀಸಿಯಂ ಸ್ಟಿಯರೇಟ್ (ಹಿಟ್ಟು ಅಚ್ಚಿಗೆ ಅಂಟದಂತೆ ಹಾಕುವ ಪುಡಿ)! 10 ನಿಮಿಷ ಬೆರೆಸಿದ್ದರಿಂದ ಅದರ ಜಿಡ್ಡಿನ ಪದರ ಕಣಗಳನ್ನೆಲ್ಲ ಮುಚ್ಚಿ ನೀರನ್ನು ತಡೆಯುತ್ತಿತ್ತು. ಶೇ. 0.5ಕ್ಕೆ ಇಳಿಸಿ, ಕಟ್ಟಕಡೆಗೆ 3 ನಿಮಿಷವಷ್ಟೇ ಬೆರೆಸಿದೆ. ಗಡಸುತನ ಮೊದಲಿನಷ್ಟೇ ಇದೆ. ಪರೀಕ್ಷೆಗೆ ಹಾಕಿದ ಆರೂ ಮಾತ್ರೆಗಳು 5 ನಿಮಿಷದೊಳಗೆ ಒಡೆದವು.