‘ಮುಗಿಲ ನೆರಳು’: ನೆರಳೋ ಪ್ರತಿಬಿಂಬವೋ?

ಮಣಿಪಾಲದ ಮಣ್ಣಪಳ್ಳ ಕೆರೆಯ ಸಂಜೆಯ ಬಗ್ಗೆ ಒಂದು ವಾಕ್ಯ: ‘ಹೊತ್ತು ಕಂತಿದ ಮೇಲೆ ಕೆರೆಯಲ್ಲಿ ಮುಗಿಲ ನೆರಳು ಕೆಂಪಾಗಿ ಬಿತ್ತು.’ ಇದನ್ನು ತಿದ್ದಬೇಕೇ ಎಂಬುದು ಪ್ರಶ್ನೆ.

‘ಕಂತಿದ’ (ಮುಳುಗಿದ) ಹಾಗೇ ಇರಲಿ. ಕರಾವಳಿಯ ಬಾಯಲ್ಲಿ ಇನ್ನೂ ಜೀವಂತವಾಗಿರುವ ಸೊಗಸಾದ ಪದ ಅದು. ಉತ್ತರ ಕರ್ನಾಟಕದಲ್ಲಿ ‘ಮುಗಿಲು’ ಎಂದರೆ ಆಕಾಶ. ತುಳುವಿನ ‘ಮುಗಲ್’ ಮೋಡವೇ. ಹಾಗಾಗಿ ಉಡುಪಿಯ ಓದುಗರಿಗೆ ತೊಡಕಿಲ್ಲ, ಧಾರವಾಡದವರಿಗೂ ತಲುಪಬೇಕಾದರೆ ‘ಮೋಡ’ ಎನ್ನಿ.

ನಿಜವಾದ ತೊಡಕು ‘ನೆರಳು’. ಬೆಳಕಿಗೆ ಅಡ್ಡ ಬಂದಾಗ ಮೂಡುವ ಕಪ್ಪಿಗೂ ನೀರಿನಲ್ಲಿ, ಕನ್ನಡಿಯಲ್ಲಿ ಕಾಣುವ ರೂಪಕ್ಕೂ ಆಡುಮಾತಿನಲ್ಲಿ ಇದೊಂದೇ ಪದ. ತಪ್ಪೇನಲ್ಲ. ಆದರೆ ‘ಬಿತ್ತು’ ಸೇರಿದ ಕೂಡಲೇ ಓದುಗರ ಮನಸ್ಸು ಕಪ್ಪು ನೆರಳಿನ ಕಡೆ ವಾಲುತ್ತದೆ. ಹೊತ್ತು ಕಂತಿದ ಮೇಲೆ ಅಂಥ ನೆರಳು ಬೀಳಲು ನೇರ ಬಿಸಿಲೇ ಕೆರೆಯ ಮೇಲಿರುವುದಿಲ್ಲ. ಹಗಲಲ್ಲೂ ತಿಳಿನೀರಿನ ಮೇಲ್ಮೈ ನೆರಳನ್ನು ಸರಿಯಾಗಿ ಹಿಡಿಯದು. ಮಳೆಗಾಲದ ಕೆಂಪು ಕದಡು ನೀರಾದರೆ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ‘ನೆರಳು ಮೂಡಿತು’ ಅಥವಾ ‘ನೆರಳು ಕಂಡಿತು’ ಎನ್ನಿ, ಅರ್ಥ ಖಚಿತವಾಗುತ್ತದೆ. ‘ಬಿಂಬ’ ಬೇಡ: ಸೂರ್ಯಬಿಂಬವೆಂದರೆ ಆಕಾಶದಲ್ಲಿರುವ ಸೂರ್ಯನ ತಟ್ಟೆ, ನೀರಿನಲ್ಲಿ ಇರುವುದು ಪ್ರತಿಬಿಂಬ.

ಕೆರೆಯಂಚಿನಲ್ಲಿ ನಿಂತು ನೋಡಿದರೆ ಇನ್ನೊಂದು ವ್ಯತ್ಯಾಸವೂ ತಿಳಿಯುತ್ತದೆ. ಕಾಲಬುಡದ ನೀರನ್ನು ನೇರ ಕೆಳಗೆ ನೋಡಿದಾಗ ಬೆಳಕಿನ ಸುಮಾರು 2 ಶೇಕಡಾ ಮಾತ್ರ ಮರಳಿ ಕಣ್ಣಿಗೆ ಬರುತ್ತದೆ, ಅಲ್ಲಿ ಮೋಡ ಮಸುಕು. ಆಚೆ ದಡದ ಕಡೆ ನೋಟ ಓರೆಯಾದಷ್ಟೂ ಅದೇ ಕೆಂಪು ಗಾಢವಾಗುತ್ತದೆ. ಇನ್ನು ಸೂರ್ಯ ಮುಳುಗುವ ಮುನ್ನ ನೀರಿನಲ್ಲಿ ಉದ್ದಕ್ಕೆ ಹಾಸುವ ಹೊನ್ನ ಪಟ್ಟೆಯನ್ನು ‘ಪ್ರತಿಬಿಂಬ’ ಎಂದರೆ ಸಾಲದು. ನೀರು ನಿಶ್ಚಲವಾಗಿದ್ದರೆ ಕಾಣುವುದು ದುಂಡು ರೂಪವೇ. ಗಾಳಿಗೆ ಎದ್ದ ಸಾವಿರ ಕಿರುದೆರೆಗಳು ಒಂದೊಂದು ತುಣುಕು ಬೆಳಕನ್ನು ಕಣ್ಣಿಗೆ ಎಸೆದಾಗಲೇ ಆ ಪಟ್ಟೆ. ಅದಕ್ಕೆ ‘ಬೆಳಕಿನ ಹಾಸು’ ಎಂಬ ಪದವನ್ನು ಸೂಚಿಸಬಹುದು.

‘ಕೆಂಪಾಗಿ’ ಎಂಬುದಕ್ಕೂ ಹೊತ್ತಿನ ಮಿತಿಯಿದೆ. ಕೆಳಗಿನ ಮೋಡ ಮೊದಲು ಬೂದಿಬಣ್ಣಕ್ಕೆ ತಿರುಗುತ್ತದೆ, ಎತ್ತರದ, ನೂಲೆಳೆಯಂಥ ಎಳೆಮೋಡಕ್ಕೆ ಬಿಸಿಲು ಇನ್ನೂ ಸ್ವಲ್ಪ ಹೊತ್ತು ತಾಗುತ್ತಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ ಸುಮಾರು 20–25 ನಿಮಿಷದಲ್ಲಿ ಬೆಳಕು ಕುಂದುತ್ತದೆ. ಹೀಗಾಗಿ ವಾಕ್ಯ: ‘ಹೊತ್ತು ಕಂತಿದ ಮೇಲೂ ಕೆರೆಯಲ್ಲಿ ಎಳೆಮೋಡದ ನೆರಳು ಕೆಂಪಗೆ ಮೂಡಿತ್ತು.’